ಸ್ಟೀಲ್ ಚಮಚಕ್ಕೆ ಬೆಳ್ಳಿ ನೋಟಿಸ್

ಕೋಲಾರದಲ್ಲಿ ಚಿನ್ನ ಖಾಲಿಯಾದರೆ ಯಾರೂ ಲೆಕ್ಕ ಕೇಳೋದಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಕಾಲಿಟ್ಟಿತು. 2001ರ ಫೆಬ್ರವರಿ 28ಕ್ಕೆ ಗಣಿಗೆ ಬಾಗಿಲು ಬಿತ್ತು. ನಡುವೆ ಹೋದ ಚಿನ್ನಕ್ಕೆ ನಮ್ಮೂರ ಗುಮಾಸ್ತರಿಗೆ ಯಾರೂ ನೋಟಿಸ್ ಕೊಡಲಿಲ್ಲ. ಆದರೆ ಈಗ ಇಲ್ಲಿನ ಒಂದು ಅತಿಥಿಗೃಹದಲ್ಲಿ ಬೆಳ್ಳಿ ಕಾಣೆಯಾಗಿದೆ. ಆಗಲೇ ಮೂರು ನೋಟಿಸ್ ಬಂದಿವೆ. ಆ ಬೆಳ್ಳಿ ಅಲ್ಲಿ ಯಾವತ್ತೂ ಇರಲಿಲ್ಲ, ಅದು ಬೇರೆ ಮಾತು.

ನಡೆದದ್ದು (ನಡೆಯದಿದ್ದರೂ ನಾಳೆ ನಡೆಯಬಹುದಾದದ್ದು) ಇಷ್ಟು. ಅತಿಥಿಗೃಹಕ್ಕೆ ಸುಣ್ಣಬಣ್ಣ ಆಯಿತು. ಊಟದ ಮನೆಗೆ ಏನೇನು ಬೇಕು ಅಂತ ಪಟ್ಟಿ ಮಾಡೋಕೆ ಬೆಂಗಳೂರಿಂದ ಕನ್ಸಲ್ಟೆಂಟ್ ಬಂದರು. ಚಮಚ ಎಣಿಸೋಕೆ ಬರೋರು ನಮ್ಮ ಜಿಲ್ಲೆಯಲ್ಲಿ ಸಿಗಲಿಲ್ಲವೇನೋ. ಪಟ್ಟಿಯಲ್ಲಿ ಅವರು 'ಸಿಲ್ವರ್‌ವೇರ್, 24 ಸೆಟ್' ಅಂತ ಬರೆದರು. ಕಡತ ಕನ್ನಡದಲ್ಲಿ ಇರಬೇಕಲ್ವಾ? ಗುಮಾಸ್ತರು ದಾಸ್ತಾನು ಪುಸ್ತಕದಲ್ಲಿ ದುಂಡಗೆ ಬರೆದರು: 'ಬೆಳ್ಳಿ ಸಾಮಾನು, 24 ಸೆಟ್.' ಬಂದದ್ದು ಸ್ಟೀಲ್ ಚಮಚ, ಸ್ಟೀಲ್ ಫೋರ್ಕ್, ಸ್ಟೀಲ್ ಚಾಕು. ಬಿಲ್ಲೂ ಸ್ಟೀಲಿನ ರೇಟಿನದೇ.

ಆಮೇಲೆ ಆಡಿಟ್‌ನವರು ಬಂದರು. ಸಾಹೇಬರು ಬೀರು ತೆಗೆಸಿ, ಒಂದು ಚಮಚ ಎತ್ತಿ ಬೆಳಕಿಗೆ ಹಿಡಿದರು.

"ಬೆಳ್ಳಿ ಎಲ್ರೀ?"

"ಇದೇ ಸಾರ್."

"ಇದು ಸ್ಟೀಲು."

"ಹೌದು ಸಾರ್. ಸ್ಟೀಲಿನ ಬೆಳ್ಳಿ."

ಪಾಪ, ಗುಮಾಸ್ತರು ಹೇಳಿದ್ದು ಸುಳ್ಳಲ್ಲ. ಅಮೆರಿಕದವರು ಊಟದ ಚಮಚ, ಫೋರ್ಕು, ಚಾಕು ಎಲ್ಲಕ್ಕೂ ಸಿಲ್ವರ್‌ವೇರ್ ಅಂತಲೇ ಅನ್ನೋದು. ಒಂದು ಕಾಲಕ್ಕೆ ಉಳ್ಳವರ ಮನೆಯಲ್ಲಿ ಅವು ಬೆಳ್ಳಿಯವೇ ಆಗಿದ್ದವು. ಆಮೇಲೆ ಬರೀ ಬೆಳ್ಳಿ ಲೇಪದವು ಬಂದವು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದ. ಬರಬರುತ್ತಾ ಲೇಪವೂ ಹೋಯಿತು, ಹೆಸರು ಮಾತ್ರ ಉಳಿಯಿತು. ಚಮಚದ ಹಿಂದೆ 18/8 ಅಂತ ಇದ್ದರೆ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. ಬೆಳ್ಳಿ ಸೊನ್ನೆ. ನಾವು ಗೃಹಪ್ರವೇಶಕ್ಕೆ ಕೊಡೋ ಜರ್ಮನ್ ಸಿಲ್ವರ್ ಕುಂಕುಮದ ಬಟ್ಟಲಿನ ಕಥೆಯೂ ಇದೇ ಅಲ್ವಾ? ಜರ್ಮನ್ ಸಿಲ್ವರ್ ಅಂದರೆ ತಾಮ್ರ, ನಿಕಲ್, ಸತು. ಬಟ್ಟಲು ಇಸಕೊಳ್ಳುವಾಗ ಯಾವ ಆಡಿಟ್ ಸಾಹೇಬರೂ 'ಬೆಳ್ಳಿ ಕೊರತೆ' ಅಂತ ಷರಾ ಬರೆಯೋದಿಲ್ಲ.

ಹೆಸರು ತಿದ್ದಿ ಅಂತ ಮೇಲಿಂದ ಆದೇಶ ಬಂತು. ಮೊದಲು 'ಕಟ್ಲೆರಿ' ಅಂತ ಹಾಕಿದರು. ಇಂಗ್ಲೆಂಡಿನವರು ಅನ್ನೋದು ಅದನ್ನೇ. ಆದರೆ ಹೊಸದಾಗಿ ಬಂದ ಒಬ್ಬ ಓದಿದ ಹುಡುಗ ಪದದ ಬೇರು ಕೆದಕಿದ. ಲ್ಯಾಟಿನ್ನಿನಲ್ಲಿ ಅದು ಸಣ್ಣ ಚಾಕು! ಹಾಗೆ ನೋಡಿದರೆ ನಮ್ಮ ಈಳಿಗೆಮಣೆಯೇ ಅಸಲಿ ಕಟ್ಲೆರಿ. ಕಡತದಲ್ಲಿ 'ಹರಿತವಾದ ಆಯುಧ, 24 ಸೆಟ್' ಅಂತಾಯಿತು. ವಾಚ್‌ಮನ್ ಹೆದರಿ ರಜೆ ಹಾಕಿದ.

ಆಮೇಲೆ 'ಫ್ಲಾಟ್‌ವೇರ್' ಅಂದರು. ಇದೂ ಅಮೆರಿಕದ ಮಾತೇ. ಹೂಜಿ, ಬಟ್ಟಲಿನಂಥ ಪೊಳ್ಳು ಸಾಮಾನು ಹಾಲೋವೇರ್, ಚಮಚ ಫೋರ್ಕು ಫ್ಲಾಟ್‌ವೇರ್. ಆದರೆ ಬೆಂಗಳೂರಿಗೆ ಇಷ್ಟು ಹತ್ತಿರದ ಊರಲ್ಲಿ ಫ್ಲಾಟ್ ಅಂದರೆ ಇನ್ನೇನು ಹೇಳಿ? ಕಡತ ಸೀದಾ ನಿವೇಶನದ ಶಾಖೆಗೆ ಹೋಯಿತು. 'ಸದರಿ 24 ಫ್ಲಾಟ್‌ಗಳ ಖಾತೆ ನಕಲು ಲಗತ್ತಿಸಿಲ್ಲ' ಅಂತ ವಾಪಸ್ ಬಂತು.

"ಸುಮ್ನೆ ಚಮಚ ಅಂತ ಬರೀರಿ ಸಾರ್" ಅಂದ ಅಡುಗೆಯವನು.

"ಅದೊಂದು ಬೇಡಪ್ಪ. ಈ ಆಫೀಸಲ್ಲಿ ಚಮಚಗಳು ಎಷ್ಟಿವೆ ಅಂತ ಕೇಳಿದರೆ ಯಾರ ಹೆಸರು ಬರೆಯೋದು?"

ಕೊನೆಗೆ 24 ಸೆಟ್ಟನ್ನೂ ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಬೀರುವಿಗೆ ಸೇರಿಸಿದರು. ಅಷ್ಟೊತ್ತಿಗೆ ಊಟದ ಹೊತ್ತಾಗಿತ್ತು. ಬಾಳೆ ಎಲೆ ಹಾಸಿ ಬಿಸಿ ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದರು. ಮುದ್ದೆಗೆ ಫೋರ್ಕ್ ಚುಚ್ಚಿ ನೋಡಿ, ಫೋರ್ಕ್ ಅಲ್ಲೇ ನೆಟ್ಟಗೆ ನಿಂತಿರುತ್ತೆ, ಬಾವುಟ ಕಟ್ಟಬಹುದು. ಸಾಹೇಬರು ತೋಳು ಮಡಚಿದರು. ಮುದ್ದೆ ಮುರಿದರು, ಸಾರಿನಲ್ಲಿ ಅದ್ದಿದರು, ಅಗಿಯದೆ ನುಂಗಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರೆ. ಇಲ್ಲಿ ಹಿಟ್ಟು ಬೇಕಾದಷ್ಟಿತ್ತು. ಮಲ್ಲಿಗೆಯದ್ದೇ ತಕರಾರು.

ಎರಡನೇ ಮುದ್ದೆ ಮುಗಿಸಿ, ಕೈ ತೊಳೆದು, ಸಾಹೇಬರು ಹಲ್ಲಿನ ಸಂದಿಯಲ್ಲಿ ಸಿಕ್ಕ ಸೊಪ್ಪಿಗೆ ಕಡ್ಡಿ ಕೇಳಿದರು. ಗುಮಾಸ್ತರು ಡಬ್ಬಿ ತಂದರು, ಕೊಡಲಿಲ್ಲ. ಮೊದಲು ದಾಸ್ತಾನು ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಮೆತ್ತಗೆ ಕೇಳಿದರು:

"ಟೂತ್‌ಪಿಕ್‌ಗೆ ಏನಂತ ಬರಕೊಳ್ಳಲಿ ಸಾರ್?"