ಮೂರನೆಯ ದಿನದ ಪ್ರವಾದಿ

ಕಾರವಾರದ ಮಳೆಗೆ ಕುರಿ ತಾಳುವುದಿಲ್ಲ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಸುರಿಯುವ ಊರಿನಲ್ಲಿ ಉಣ್ಣೆ ಹೊತ್ತ ಪ್ರಾಣಿ ಒಣಗುವುದಾದರೂ ಯಾವಾಗ? ಕುರಿಯೇನಿದ್ದರೂ ಘಟ್ಟದ ಆಚೆ, ಬಯಲುಸೀಮೆಯ ಕಡೆಗೆ. ಕುರಿಗಾಹಿಗಳಿಗೆ, ಅಂದರೆ ಭಕ್ತರ ಹಿಂಡು ಕಾಯುತ್ತೇವೆನ್ನುವ ಕ್ರೈಸ್ತ ಬೋಧಕರಿಗೆ, ಮಾತ್ರ ನಮ್ಮಲ್ಲಿ ಬರವಿಲ್ಲ. ಮಳೆಗಾಲ ಮುಗಿದು ಹೆದ್ದಾರಿ 66ರ ಕಂಬಗಳು ಒಣಗುವುದೇ ತಡ, ಫ್ಲೆಕ್ಸುಗಳು ಏರುತ್ತವೆ: ಬಿಳಿ ಕೋಟು, ಎತ್ತಿದ ಕೈ, 'ಮೂರು ದಿನಗಳ ಮಹಾ ಆಶೀರ್ವಾದ ಸಭೆ'. ಕ್ರಿಸ್ತನಿಗೂ ಜಾಗ ಉಂಟು. ಕೆಳಗಿನ ಮೂಲೆಯಲ್ಲಿ, ಶಾಮಿಯಾನದವನ ಮೊಬೈಲ್ ಸಂಖ್ಯೆಯ ಪಕ್ಕದಲ್ಲಿ.

ಈ ಮೂರು ದಿನದ ಲೆಕ್ಕ ನನಗೆ ಬಹಳ ಇಷ್ಟ. ಆದಿ ಕ್ರೈಸ್ತರ ಕೈಪಿಡಿಯೊಂದಿದೆ, ಹೆಸರು ದಿದಾಖೆ. ಅದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಊರೂರು ತಿರುಗುವ ಬೋಧಕರ ಕಾಟ ಆ ಕಾಲಕ್ಕೇ ವಿಪರೀತವಾಗಿತ್ತೆಂದು ಕಾಣುತ್ತದೆ, ಆದ್ದರಿಂದ ನಿಯಮ ಮಾಡಿಟ್ಟಿದ್ದಾರೆ. ಬಂದವನು ಒಂದು ದಿನ ಇರಲಿ, ಅಗತ್ಯ ಬಿದ್ದರೆ ಎರಡು ದಿನ. ಮೂರನೆಯ ದಿನವೂ ಉಳಿದನೋ, ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ಬಿಡಾರದವರೆಗೆ ಸಾಲುವಷ್ಟು ರೊಟ್ಟಿ ಕೊಡಿ. ಹಣ ಕೇಳಿದನೋ, ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ಊಟಕ್ಕೆ ಅಪ್ಪಣೆ ಕೊಟ್ಟು ತಾನೇ ಉಂಡನೋ, ಆಗಲೂ ಸುಳ್ಳು ಪ್ರವಾದಿ.

ಹೀಗಾಗಿ ನಮ್ಮ ಫ್ಲೆಕ್ಸಿನ ಮಹನೀಯರು ಶುಕ್ರವಾರ ಸಾಚಾ, ಶನಿವಾರವೂ ಸಾಚಾ, ಭಾನುವಾರ ಮಾತ್ರ ಎಡವುತ್ತಾರೆ. ಹುರಿದ ಇಸ್ವಾಣ ಮೀನನ್ನು ಲೆಕ್ಕಕ್ಕೆ ಹಿಡಿದರೆ ಶುಕ್ರವಾರ ರಾತ್ರಿಯೇ ಮುಗಿಯಿತು. ರೊಟ್ಟಿಯೇನೂ ಸಮಸ್ಯೆಯಲ್ಲ, ನಮ್ಮ ಬೇಕರಿಗಳಲ್ಲಿ ಬಿಸಿ ಪಾವು ಸಿಗುತ್ತದೆ, ಒಂದು ಡಜನ್ ಕಟ್ಟಿಕೊಟ್ಟು ಕಳಿಸಬಹುದು. ಆದರೆ ವೇದಿಕೆಯ ಎರಡೂ ಬದಿಗೆ ಕ್ಯೂಆರ್ ಕೋಡ್ ನಿಂತಿರುತ್ತದೆಯಲ್ಲ! ಬಡವರಿಗಾಗಿ ಕೇಳಿದರೆ ತಪ್ಪೆಣಿಸಬೇಡಿ ಎಂದೂ ದಿದಾಖೆ ಹೇಳುತ್ತದೆ. ಉಳಿದ ನಿಯಮಗಳನ್ನು ಕೇಳಿಯೇ ಇರದವರು ಈ ವಿನಾಯಿತಿಯೊಂದನ್ನು ಅದು ಹೇಗೋ ಕರಗತ ಮಾಡಿಕೊಂಡಿದ್ದಾರೆ.

ಕಾಣಿಕೆಯ ಹೊತ್ತಿಗೆ ತಪ್ಪದೆ ಬರುವವಳು ಮಾರ್ಕನ ಸುವಾರ್ತೆಯ ಬಡ ವಿಧವೆ. ಎರಡೇ ಕಾಸು ಹಾಕಿದಳು, ಇದ್ದದ್ದೆಲ್ಲವನ್ನೂ ಹಾಕಿದಳು, ನೀವು? ಎಂದು ಮೈಕು ಗದ್ಗದಿತವಾಗುತ್ತದೆ. ಹನ್ನೆರಡನೆಯ ಅಧ್ಯಾಯದಲ್ಲಿ ಅವಳು ಬರುವುದಕ್ಕೆ ಸ್ವಲ್ಪ ಮುಂಚೆ ಯೇಸು ಆಡಿದ ಮಾತನ್ನು ಯಾರೂ ಓದುವುದಿಲ್ಲ. ನಿಲುವಂಗಿ ತೊಟ್ಟು ತಿರುಗಾಡುವ, ಸಂತೆಬೀದಿಯಲ್ಲಿ ನಮಸ್ಕಾರ ಬಯಸುವ, ಮುಂದಿನ ಪೀಠ ಹುಡುಕುವ ಶಾಸ್ತ್ರಿಗಳ ಬಗ್ಗೆ ಎಚ್ಚರಿಕೆ; ಅವರು ವಿಧವೆಯರ ಮನೆಗಳನ್ನು ನುಂಗುವವರು ಎನ್ನುತ್ತದೆ ಆ ಭಾಗ. ನುಂಗುವವರನ್ನು ಬಿಟ್ಟು ವಿಧವೆಯನ್ನಷ್ಟೇ ವೇದಿಕೆಗೆ ಎಳೆದು ತರುವ ಜಾಣ್ಮೆಗೆ ನಾನು ತಲೆಬಾಗುತ್ತೇನೆ.

ಹಳೆಯ ಒಡಂಬಡಿಕೆಯ ಪ್ರವಾದಿ ಯೆಹೆಜ್ಕೇಲನಂತೂ ಎಂದೂ ವೇದಿಕೆ ಹತ್ತುವಂತಿಲ್ಲ. ಕೊಬ್ಬು ತಿಂದಿರಿ, ಉಣ್ಣೆ ಹೊದ್ದಿರಿ, ಕೊಬ್ಬಿದ ಕುರಿಯನ್ನು ಕೊಯ್ದಿರಿ, ಮುರಿದ ಕಾಲಿಗೆ ಮಾತ್ರ ಪಟ್ಟಿ ಕಟ್ಟಲಿಲ್ಲ ಎಂದು ಮೂವತ್ತನಾಲ್ಕನೆಯ ಅಧ್ಯಾಯದಲ್ಲಿ ಇಸ್ರಾಯೇಲಿನ ಕುರಿಗಾಹಿಗಳನ್ನು ಜಾಡಿಸಿದವನು ಅವನು. ಆದಿ ಕ್ರೈಸ್ತರ ಬೋಧಕ ಪೌಲನೂ ಬೇಡ, ಡೇರೆ ಹೊಲಿದು ಹೊಟ್ಟೆ ಹೊರೆದವನು, ಎಫೆಸದ ಹಿರಿಯರ ಮುಂದೆ ತನ್ನ ಕೈಗಳನ್ನೇ ಸಾಕ್ಷಿಗೆ ಚಾಚಿದವನು. ಅಂಥವನಿಗೆ ಯಾವ ದರ್ಜೆಯ ಲಾಡ್ಜ್ ಹಿಡಿಯಬೇಕೆಂದು ಸಂಘಟಕರಿಗೆ ತಿಳಿಯಬೇಕಲ್ಲ.

ತೋಳ ಬಂದಾಗ ಕೂಲಿಯಾಳು ಓಡುತ್ತಾನೆ, ಒಳ್ಳೆಯ ಕುರಿಗಾಹಿ ನಿಲ್ಲುತ್ತಾನೆ ಎಂಬ ಯೋಹಾನನ ಹತ್ತನೆಯ ಅಧ್ಯಾಯವನ್ನು ಯಲ್ಲಾಪುರದ ಕಾಡಂಚಿನ ಗೌಳಿಗೆ ಯಾರೂ ವಿವರಿಸಬೇಕಾಗಿಲ್ಲ. ಚಿರತೆ ಸುಳಿದ ರಾತ್ರಿ ಕೊಟ್ಟಿಗೆಯ ಬಾಗಿಲಲ್ಲಿ ಮಲಗುವವನು ಅವನೇ. ನಮ್ಮ ಕೇರಿಯಲ್ಲೂ ಅಂಥವರೊಬ್ಬರಿದ್ದಾರೆ, ಹಳೆಯ ಸ್ಕೂಟರಿನ ಪಾದ್ರಿಗಳು. 'ಎದ್ದು ನಡೆ' ಎಂಬ ಅಪ್ಪಣೆಗೆ ಊರುಗೋಲು ಎಸೆದು ನಡೆದ ಮುದುಕಿಯ ಮಂಡಿ ಮರುದಿನ ಊದಿಕೊಂಡಾಗ, ಆಟೋ ಹಿಡಿದು ಆಸ್ಪತ್ರೆಗೆ ಒಯ್ದವರು ಅವರು. ಅವರ ಫ್ಲೆಕ್ಸ್ ಎಲ್ಲೂ ಇಲ್ಲ. ಪ್ರವಚನವೂ ಅಷ್ಟಕ್ಕಷ್ಟೇ, ಅದು ಬೇರೆ ಮಾತು.

ದಿದಾಖೆಯ ನಿಯಮವನ್ನು ಸಭೆಯ ಸಮಿತಿಯ ಹಿರಿಯರೊಬ್ಬರಿಗೆ ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡರು. ಜನರ ಒತ್ತಾಯದ ಮೇರೆಗೆ ಸಭೆಯನ್ನು ಮಂಗಳವಾರದವರೆಗೆ ವಿಸ್ತರಿಸಲಾಗಿದೆ ಎಂಬ ಹೊಸ ಫ್ಲೆಕ್ಸ್ ಅವರ ಕಂಕುಳಲ್ಲಿತ್ತು.

"ಮೂರನೆಯ ದಿನಕ್ಕೆ ತಾನೇ ಆಕ್ಷೇಪ ಇರುವುದು?" ಎಂದರು. "ಐದನೆಯ ದಿನದ ಬಗ್ಗೆ ಏನೂ ಬರೆದಿಲ್ಲವಲ್ಲ?"