ಏಳೆಲೆಯ ಗುಲಾಬಿ

ನಿನ್ನೆ ಸಂಜೆ ನನ್ನ ಮೊಬೈಲಿಗೆ ‘ನಿಮ್ಮ ದೂರನ್ನು ತೃಪ್ತಿಕರವಾಗಿ ಬಗೆಹರಿಸಲಾಗಿದೆ’ ಎಂಬ ಸಂದೇಶ ಬಂದಿತು. ತೃಪ್ತಿಯಾದದ್ದು ಯಾರಿಗೆ ಎಂಬುದನ್ನು ಅದರಲ್ಲಿ ತಿಳಿಸಿರಲಿಲ್ಲ.

ಧಾರವಾಡದಲ್ಲಿ ಮಳೆ ಹಿಡಿದ ಕೂಡಲೇ, ಮಾಳಮಡ್ಡಿಯ ನಮ್ಮ ಮನೆಯ ಅಂಗಳಕ್ಕೆಂದು ಮೂರು ನರ್ಸರಿಗಳಿಂದ ಮೂರು ಗುಲಾಬಿ ಸಸಿಗಳನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಮೂರೂ ‘ಡಬಲ್ ಡಿಲೈಟ್’ ತಳಿಯವೇ. 1977ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ, ಕೆನೆಬಣ್ಣದ ಹೂವಿಗೆ ಕೆಂಪಂಚು ಇರುವ, ಬಿಸಿಲು ಬಿದ್ದಂತೆಲ್ಲ ಕೆಂಪೇರುವ ಘಮಘಮಿಸುವ ಗುಲಾಬಿ. ಒಂದೇ ತಳಿಯನ್ನು ಮೂರು ಕಡೆ ಕೊಂಡು ಹೋಲಿಸಿ ನೋಡುವುದು ಮೂವತ್ತು ವರ್ಷ ವಿಜ್ಞಾನ ಕಲಿಸಿದವನ ಚಟವೇ ಹೊರತು ಬೇರೇನೂ ಅಲ್ಲ.

ಮೊದಲ ಡಬ್ಬಿಯ ಮೇಲೆ ‘ಈ ಬದಿ ಮೇಲಿರಲಿ’ ಎಂದು ಬಾಣದ ಗುರುತಿತ್ತು. ಕೊರಿಯರ್ ಹುಡುಗನು ಅದನ್ನು ತಲೆಕೆಳಗಾಗಿ ಹಿಡಿದುಕೊಂಡೇ ನನ್ನ ಸಹಿ ಪಡೆದನು. ಸುತ್ತಿದ್ದ ಟೇಪನ್ನು ಬಿಡಿಸುವಷ್ಟರಲ್ಲಿ ಚಹಾ ಆರಿಹೋಯಿತು. “ಗಿಡಾ ತರಿಸೀರೋ, ಟೇಪ್ ತರಿಸೀರೋ?” ಎಂದು ಹೆಂಡತಿ ಕೇಳಿದ್ದು ನ್ಯಾಯವೇ ಆಗಿತ್ತು. ಒಳಗೆ ಪೆನ್ಸಿಲಿನಂತಹ ಎರಡು ಕಡ್ಡಿಗಳಿದ್ದವು, ಕೊನೆಯವರೆಗೂ ಪೆನ್ಸಿಲುಗಳಾಗಿಯೇ ಉಳಿದವು. ಎರಡನೆಯದು ಗೇಣುದ್ದದ ಸಸಿ, ತೆಂಗಿನ ನಾರಿನ ಪುಡಿಯಲ್ಲಿ ಮಗುವಿನಂತೆ ಮಲಗಿತ್ತು. ನಮ್ಮ ಮಸಾರಿ ಮಣ್ಣನ್ನು ಮುಟ್ಟಿದ ವಾರದೊಳಗೆ ಎಲೆಯುದುರಿಸಿತು. ಮೂರನೆಯದು ಮಾತ್ರ ಕಸಿ ಕಟ್ಟಿದ ಪಟ್ಟಿಯ ಸಮೇತ ದಷ್ಟಪುಷ್ಟವಾಗಿ ಬಂದು, ತಿಂಗಳೊಳಗೆ ನನ್ನ ಸೊಂಟದೆತ್ತರಕ್ಕೆ ಚಿಗುರಿತು. ನಾನು ಹಿಗ್ಗಿ, ಆ ನರ್ಸರಿಗೆ ಐದು ನಕ್ಷತ್ರಗಳನ್ನು ಕೊಟ್ಟೆ.

ಪಕ್ಕದ ಮನೆಯ ಕಾಕಾ ಎಣಿಸಲು ಆರಂಭಿಸಿದ್ದು ಆಮೇಲೆ.

ಬೆಳಿಗ್ಗೆ ಹಲ್ಲುಜ್ಜುತ್ತ ಕಂಪೌಂಡ್ ಗೋಡೆಯ ಮೇಲಿಂದ ಬಗ್ಗಿ, ಬ್ರಶ್ಶಿನ ತುದಿಯಿಂದ ಒಂದು ಎಲೆಯನ್ನು ತೋರಿಸಿ, “ಮಾಸ್ತರ, ಎಣಿಸ್ರಿ. ಏಳ ಅವ,” ಎಂದರು. ಕಸಿ ಗುಲಾಬಿಯ ಎಲೆಯಲ್ಲಿ ಸಾಮಾನ್ಯವಾಗಿ ಐದು ಎಸಳುಗಳಿರುತ್ತವೆ, ಕಸಿಗೆ ಆಧಾರವಾಗಿ ಕೆಳಗಿರುವ ಕಾಡು ಬೇರುಗಿಡದ ಚಿಗುರಿನಲ್ಲಿ ಹೆಚ್ಚಾಗಿ ಏಳಿರುತ್ತವೆ ಎಂಬುದು ಅವರ ವಾದ. ಐದಕ್ಕೆ ಬದಲು ಏಳು ಎಸಳು ಕೆಲವು ಕಸಿ ಗಿಡಗಳಲ್ಲೂ ಬರುತ್ತವೆ ಎಂದು ನಾನು ಪ್ರತಿವಾದಿಸಿದೆ. ಮರುದಿನ ಅವರು ಬೇರೊಂದು ಟೊಂಗೆಯನ್ನು ಎಣಿಸಿದರು. ಅದರ ಮರುದಿನ ಮೊಮ್ಮಗನನ್ನು ಕರೆತಂದು ಎಣಿಸಿದರು. ಹುಡುಗನಿಗೆ ಏಳರವರೆಗೆ ಎಣಿಕೆ ಬಂದದ್ದು ನನ್ನ ಅಂಗಳದಲ್ಲಿಯೇ. ಹಾಲು ಹಾಕುವವನೂ ಒಂದು ದಿನ ಸೈಕಲ್ ನಿಲ್ಲಿಸಿ, ಯಾರೂ ಕೇಳದಿದ್ದರೂ, “ಏಳ ಅದಾವ್ರಿ ಸರ,” ಎಂದು ಹೇಳಿ ಹೋದನು. ಕಡೆಗೆ ಯಾರೂ ಇಲ್ಲದ ಮಧ್ಯಾಹ್ನ ನಾನೇ ಕೂತು ಬುಡವನ್ನು ಕೆದರಿ ನೋಡಿದೆ. ಪಟ್ಟಿಯ ಮೇಲಿನ ಕಸಿ ಎಂದೋ ಒಣಗಿ ಕರ್ರಗಾಗಿತ್ತು. ಇಷ್ಟು ದಿನ ನಾನು ಗೊಬ್ಬರ ಹಾಕಿ ಬೆಳೆಸಿದ್ದೆಲ್ಲ ಪಟ್ಟಿಯ ಕೆಳಗಿನಿಂದ ಎದ್ದ ಕಾಡು ಚಿಗುರು.

ದೂರು ಕೊಟ್ಟೆ. ‘ಸಸಿ ಜೀವಂತವಾಗಿದೆಯೇ?’ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ‘ಹೌದು’ ಎಂದು ಉತ್ತರಿಸಿದ್ದೇ ನನ್ನ ತಪ್ಪು. ಅದಕ್ಕೆ ಬಂದ ಫಲವೇ ನಿನ್ನೆಯ ಸಂದೇಶ.

ನಮ್ಮ ಅವ್ವನ ಪನ್ನೀರು ಗುಲಾಬಿಗೆ ಹೆಸರಿನ ಚೀಟಿಯೂ ಇರಲಿಲ್ಲ, ನಕ್ಷತ್ರಗಳೂ ಇರಲಿಲ್ಲ. ಯಾರದೋ ಮನೆಯಿಂದ ಸೆರಗಿನಲ್ಲಿ ಸುತ್ತಿಕೊಂಡು ತಂದ ಒಂದು ಟೊಂಗೆಯನ್ನು ಬಚ್ಚಲ ನೀರು ಹರಿಯುವಲ್ಲಿ ಊರಿದ್ದಳು. ಶುಕ್ರವಾರಕ್ಕೊಂದು ಹೂವನ್ನು ಅದು ತಪ್ಪಿಸಿದ ನೆನಪು ನನಗಿಲ್ಲ. ಕಾರು ನಿಲ್ಲಿಸಲು ಹಿತ್ತಲಿಗೆ ಫರಸಿ ಹಾಕಿಸುವಾಗ ಅದನ್ನು ಕೀಳಿಸಿದವನು ನಾನೇ. ಅವ್ವ ಆ ದಿನ ಏನೂ ಅನ್ನಲಿಲ್ಲ, ಹೂಬುಟ್ಟಿಯನ್ನು ಮಾತ್ರ ಅಟ್ಟಕ್ಕೆ ಹಾಕಿದಳು.

ಈಗ ಕಾಕಾ ಹೊಸ ಯೋಜನೆಯೊಂದನ್ನು ಹೂಡಿದ್ದಾರೆ. “ಬೇರ ಭಾಳ ಗಟ್ಟಿ ಅದ ಮಾಸ್ತರ, ಕೀಳಬ್ಯಾಡ್ರಿ. ಐತವಾರ ಬಂದು ನಮ್ಮ ಗಿಡದ ಕಣ್ಣ ಕೂಡಿಸಿ ಕಸಿ ಕಟ್ತೀನಿ,” ಎಂದಿದ್ದಾರೆ. ಯತ್ತಿನಗುಡ್ಡದ ಕೃಷಿ ಮೇಳದಲ್ಲಿ, ಕಣ್ಣಾರೆ ನೋಡಿ, ಚೌಕಾಸಿ ಮಾಡಿ, ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ತಂದ ಗಿಡ ಅವರದು. ಇಂದು ನಸುಕಿನಲ್ಲಿ, ಅವರು ಏಳುವ ಮೊದಲೇ, ನಾನು ಗೋಡೆಯ ಮೇಲಿಂದ ಬಗ್ಗಿ ಅದರ ಎಲೆಗಳನ್ನು ಒಂದೊಂದಾಗಿ ಪರಿಶೀಲಿಸಿದೆನು. ದುರದೃಷ್ಟವಶಾತ್ ಎಲ್ಲದರಲ್ಲಿಯೂ ಐದೇ ಇದ್ದವು.