ಒಂದು ‘ಎಚ್’ ಕಳೆದುಕೊಂಡ ಲಕ್ಷ್ಮಮ್ಮ

ಪಿಎಫ್ ಹಿಡಿಯುವಾಗ ಯಾರಿಗೂ ಯಾವ ಅನುಮಾನವೂ ಇರುವುದಿಲ್ಲ. ಮೂಲ ವೇತನಕ್ಕೆ ಡಿಎ ಸೇರಿಸಿ, ಅದರಲ್ಲಿ ಶೇ 12 ಕತ್ತರಿಸಿಕೊಂಡೇ ಸಂಬಳ ಕೈಗೆ ಬರುತ್ತದೆ. ಆ ಕತ್ತರಿಗೆ ಓಟಿಪಿ ಬೇಡ, ಜೆರಾಕ್ಸ್ ಬೇಡ. ದುಡ್ಡು ವಾಪಸ್ ಕೇಳಿದ ದಿನ ಮಾತ್ರ ಪ್ರಶ್ನೆ ಏಳುತ್ತದೆ: ಅಷ್ಟಕ್ಕೂ ಈಕೆ ಯಾರು?

2012ರಲ್ಲಿ ಗಾರ್ಮೆಂಟ್ಸ್ ಸೇರಿದ ಟೈಲರ್ ಲಕ್ಷ್ಮಮ್ಮ ಎಂದುಕೊಳ್ಳಿ. ಕನ್ನಡದಲ್ಲಿ ಅವರು ಒಬ್ಬರೇ, ಇಂಗ್ಲಿಷಿನಲ್ಲಿ ಮೂವರು. ಆಧಾರ್‌ನಲ್ಲಿ ‘ಎಸ್’ ಆದಮೇಲೆ ‘ಎಚ್’ ಇದೆ. ಪಿಎಫ್ ಖಾತೆಯಲ್ಲಿ ಅದು ಬಿದ್ದುಹೋಗಿದೆ. ಊಟದ ಬೆಲ್ ಹೊಡೆಯುವ ಹೊತ್ತಿಗೆ ಟೈಪ್ ಮಾಡಿರಬೇಕು. ಬ್ಯಾಂಕಿನಲ್ಲಿ ಇನಿಷಿಯಲ್ ಹಿಂದಕ್ಕೆ ಹೋಗಿ ಕೂತಿದೆ. ತಂದೆಯ ಕಾಲಂನಲ್ಲಿ ಗಂಡ ಇದ್ದಾನೆ. ಹುಟ್ಟಿದ ದಿನ ಜನವರಿ 1, ಅವರ ಲೈನಿನ ಅರ್ಧ ಹೆಂಗಸರ ಹಾಗೆ.

ತಿದ್ದಲು ‘ಜಾಯಿಂಟ್ ಡಿಕ್ಲರೇಷನ್’ ಇದೆ. ಕಾರ್ಮಿಕರು ಅರ್ಜಿ ಹಾಕಬೇಕು, ಮಾಲೀಕರು ಹೌದೆನ್ನಬೇಕು. 2017ರ ಅಕ್ಟೋಬರ್ 1ರ ನಂತರ ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಪಡೆದವರು ಮಾಲೀಕರನ್ನು ಕೇಳದೆ ಆನ್‌ಲೈನಿನಲ್ಲೇ ತಿದ್ದಿಕೊಳ್ಳಬಹುದು ಎಂದು 2025ರಲ್ಲಿ ಸಡಿಲಿಸಿದರು. ಲಕ್ಷ್ಮಮ್ಮ ಅದಕ್ಕಿಂತ ಹಳಬರು. ಹೆಚ್ಚು ವರ್ಷ ದುಡಿದ ತಪ್ಪಿಗೆ ಮಾಲೀಕರನ್ನು ಹುಡುಕಿಕೊಂಡು ಹೋಗಬೇಕು. ಹೋದರೆ ಫ್ಯಾಕ್ಟರಿ ಇದ್ದ ಜಾಗದಲ್ಲಿ ಕಲ್ಯಾಣ ಮಂಟಪ. ಸರಿ, ಹಾಗಾದರೆ ಗೆಜೆಟೆಡ್ ಅಧಿಕಾರಿಯೋ ನೋಟರಿಯೋ ಸಹಿ ಹಾಕಿದ ಕಾಗದದ ಅರ್ಜಿ ತನ್ನಿ.

ಮುಚ್ಚಿಹೋದ ಫ್ಯಾಕ್ಟರಿಯವರು ಲಕ್ಷ್ಮಮ್ಮ ಕೆಲಸ ಬಿಟ್ಟ ದಿನಾಂಕ ನಮೂದಿಸಿಯೇ ಇಲ್ಲ. ಹೀಗಾಗಿ ಪಿಎಫ್ ಪೋರ್ಟಲ್ ಲೆಕ್ಕದಲ್ಲಿ ಅವರು ಇವತ್ತಿಗೂ ಆ ಕಲ್ಯಾಣ ಮಂಟಪದಲ್ಲಿ ಕಾಲರ್ ಹೊಲಿಯುತ್ತಿದ್ದಾರೆ. ಕೊನೆಯ ಕಂತು ಬಿದ್ದು ಎರಡು ತಿಂಗಳಾದರೆ ಆ ದಿನಾಂಕವನ್ನು ತಾವೇ ತುಂಬಬಹುದು, ನಿಜ. ಆದರೆ ಓಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ, ಆ ಸಿಮ್ಮು ರೀಚಾರ್ಜ್ ಇಲ್ಲದೆ ಎಂದೋ ಸತ್ತಿದೆ. ನಂಬರ್ ಬದಲಿಸಲು ಆಧಾರ್ ಕೇಂದ್ರದಲ್ಲಿ ಕ್ಯೂ. ಅದೂ ಮುಗಿದು ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ತಪ್ಪು ತಾರೀಖು ಒತ್ತಿದನೋ, ಕಥೆ ಮತ್ತೆ ಮೊದಲಿನಿಂದ. ಒಮ್ಮೆ ತುಂಬಿದ್ದನ್ನು ತಾವೇ ಅಳಿಸಲು ಬರುವುದಿಲ್ಲ.

ಇದಕ್ಕೆಲ್ಲ ಖುದ್ದಾಗಿ ಓಡಾಡಬೇಕು. ಪಿಎಫ್ ಕಚೇರಿ ಭಾನುವಾರ ತೆಗೆಯುವುದಿಲ್ಲ, ಗಾರ್ಮೆಂಟ್ಸ್ ಭಾನುವಾರ ಬಿಟ್ಟರೆ ಮುಚ್ಚುವುದಿಲ್ಲ. ಸ್ವಂತ ದುಡ್ಡಿಗೆ ಅರ್ಜಿ ಕೊಡಲು ಒಂದು ದಿನದ ಕೂಲಿಯ ಜೊತೆಗೆ ಹಾಜರಾತಿ ಭತ್ಯೆಯನ್ನೂ ಬಿಡಬೇಕು.

ಸರ್ಕಾರಕ್ಕೆ ಬೇಗ ಕೆಲಸ ಮಾಡಲು ಬರುವುದಿಲ್ಲವೆಂದಲ್ಲ. ಪಿಎಫ್‌ಗೆ ಮಾಲೀಕರು ಹಾಕುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ 2016ರಲ್ಲಿ ಬಂತು. ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದು ಕೂತರು. ಮಾರನೇ ದಿನವೇ ನಿಯಮ ವಾಪಸ್. ಜಾಯಿಂಟ್ ಡಿಕ್ಲರೇಷನ್ ಕೂಡ ಕೇಳಲಿಲ್ಲ.